ಕೊನೆಯ ಮನೆಯ ಟಪಾಲು

ಮೈಸೂರು ಸೀಮೆಯವರು ಅಂಚೆ ಎನ್ನುತ್ತಾರೆ, ಧಾರವಾಡ ಸೀಮೆಯವರಾದ ನಾವು ಟಪಾಲು ಎನ್ನುತ್ತೇವೆ. ಶಾಲೆಯಲ್ಲಿ ‘ಅಂಚೆಯಣ್ಣ’ ಎಂದು ಎಷ್ಟು ಸಲ ಓದಿಸಿದರೂ ಮನೆಗೆ ಹೋದ ಕೂಡಲೇ ನಮ್ಮ ಮಕ್ಕಳ ಬಾಯಲ್ಲಿ ಅವನು ‘ಟಪಾಲಿನಾಂವ’ ಆಗಿಬಿಡುತ್ತಾನೆ. ಈ ಎರಡು ಮಾತುಗಳ ಹಿಂದೆ ಎರಡು ಇತಿಹಾಸಗಳಿವೆ. ಮೈಸೂರಿನಲ್ಲಿ ಚಿಕ್ಕದೇವರಾಜ ಒಡೆಯರು 1672ರಲ್ಲಿ ಆರಂಭಿಸಿದ ಅಂಚೆ ಎರಡು ಶತಮಾನಕ್ಕೂ ಹೆಚ್ಚು ಕಾಲ ನಡೆದು 1889ರಲ್ಲಿ ಬ್ರಿಟಿಷ್ ಸರಕಾರದ ಅಂಚೆಯಲ್ಲಿ ಸೇರಿಹೋಯಿತು. ನಮ್ಮ ಸೀಮೆ 1818ರಲ್ಲಿ ಪೇಶ್ವೆಯರ ಕೈಯಿಂದ ಕಂಪನಿ ಸರಕಾರದ ಕೈಗೆ ಬಂದು ಮುಂಬಯಿ ಪ್ರಾಂತದ ಭಾಗವಾಯಿತು. ಮರಾಠಿಯವರ ಟಪಾಲೇ ನಮ್ಮ ಟಪಾಲೂ ಆಯಿತು. ಹೆಸರು ಬೇರೆಯಾದರೂ ಕಾಯುವುದು ಮಾತ್ರ ಎರಡೂ ಕಡೆ ಒಂದೇ. ಅದನ್ನು ಹೆಚ್ಚಾಗಿ ಕಾದವರು ಹೆಂಗಸರು.

ಈಗ ಆ ಟಪಾಲು ಇರುತ್ತದೆಯೋ ಹೋಗುತ್ತದೆಯೋ ಎಂಬ ಮಾತು ಎಲ್ಲೆಡೆ ಕೇಳಿಬರುತ್ತಿದೆ. 2013ರ ಜುಲೈಯಲ್ಲಿ ತಂತಿ ನಿಂತಿತು. 2024ರ ಡಿಸೆಂಬರಿನಲ್ಲಿ ರಿಜಿಸ್ಟರ್ಡ್ ಬುಕ್ ಪೋಸ್ಟ್ ನಿಂತಿತು. 2025ರಲ್ಲಿ ರಿಜಿಸ್ಟರ್ ಟಪಾಲನ್ನು ಸ್ಪೀಡ್ ಪೋಸ್ಟಿನೊಳಗೆ ಸೇರಿಸಿದರು. ಪ್ರತಿ ಸಲವೂ ವೃತ್ತಪತ್ರಿಕೆಗಳಲ್ಲಿ ಹಳೆಯ ನೆನಪುಗಳ ಲೇಖನಗಳು ಬಂದವು, ಪ್ರೇಮಪತ್ರಗಳ ಮಾತು ಬಂತು, ಕಣ್ಣೀರೂ ಬಂತು. ಆದರೆ ನಾವು ಅಳಬೇಕಾದದ್ದು ಕಾಗದಕ್ಕಾಗಿಯೇ ಎಂಬ ಪ್ರಶ್ನೆ ನನ್ನನ್ನು ಕಾಡುತ್ತದೆ. ಮಗಳು ಅಮೇರಿಕದಲ್ಲಿದ್ದರೂ ಸಂಜೆಗೆ ಮೊಬೈಲಿನಲ್ಲಿ ಮುಖ ಕಾಣುತ್ತಾಳೆ. ಇದಕ್ಕಿಂತ ಕಾರ್ಡೇ ಚೆನ್ನಾಗಿತ್ತು ಎಂದು ಯಾವ ತಾಯಿಯೂ ಹೇಳಲಾರಳು. ಕಳೆದುಹೋಗುತ್ತಿರುವುದು ಬೇರೆಯೇ ಒಂದು ವಸ್ತು. ಅದನ್ನು ಗುರುತಿಸಲು ಸ್ವಲ್ಪ ಹಿಂದೆ ಹೋಗಬೇಕು.

1837ರ ಕಾಯ್ದೆಯ ಪ್ರಕಾರ ಟಪಾಲಿನ ದರ ತೂಕದ ಮೇಲೂ ಇತ್ತು, ದೂರದ ಮೇಲೂ ಇತ್ತು. ಕಲಕತ್ತೆಯಿಂದ ಮುಂಬಯಿಗೆ ಒಂದು ತೊಲೆ ತೂಕದ ಕಾಗದ ಕಳಿಸಲು ಒಂದು ರೂಪಾಯಿ. ಆ ಕಾಲದ ಒಂದು ರೂಪಾಯಿ ಎಂದರೆ ಬಡವರ ಮನೆಯ ಎಷ್ಟೋ ದಿನಗಳ ಸಂತೆಯ ಖರ್ಚು. ಹೀಗಾಗಿ ಕಾಗದ ಸರಕಾರದ್ದು, ಸಾಹುಕಾರರದ್ದು. 1840ರಲ್ಲಿ ಇಂಗ್ಲೆಂಡಿನಲ್ಲಿ ರೋಲಂಡ್ ಹಿಲ್ ಎಂಬವರ ಹಟದಿಂದ ಒಂದು ಪೆನ್ನಿಯ ಅಂಚೆ ಬಂತು. ಅವರು ಲೆಕ್ಕ ಹಾಕಿ ತೋರಿಸಿದ್ದು ಇಷ್ಟೆ: ಕಾಗದವನ್ನು ದೂರ ಒಯ್ಯುವ ಖರ್ಚು ತೀರ ಕಡಿಮೆ, ಹೆಚ್ಚಿನ ಖರ್ಚೆಲ್ಲ ಹಣ ವಸೂಲು ಮಾಡುವ, ಲೆಕ್ಕ ಬರೆಯುವ ಗೊಂದಲದಲ್ಲಿದೆ. ಅದೇ ವಿಚಾರ ಲಾರ್ಡ್ ಡಾಲ್‌ಹೌಸಿಯ ಕಾಲದಲ್ಲಿ ನಮ್ಮಲ್ಲಿಗೂ ಬಂತು. 1854ರ ಅಕ್ಟೋಬರ್ 1ರಿಂದ ಕಾಲು ತೊಲೆಯ ಕಾಗದಕ್ಕೆ ದೇಶದ ಯಾವ ಮೂಲೆಗಾದರೂ ಅರ್ಧ ಆಣೆ. ಧಾರವಾಡದಿಂದ ನವಲಗುಂದಕ್ಕೆ ಕಳಿಸಿದರೂ ಅರ್ಧ ಆಣೆ, ಪೇಶಾವರಕ್ಕೆ ಕಳಿಸಿದರೂ ಅರ್ಧ ಆಣೆ.

ಈ ನಿಯಮವನ್ನು ನಾವು ಎಷ್ಟು ಸಹಜವೆಂದು ತಿಳಿದಿದ್ದೇವೆಂದರೆ ಅದರ ವಿಚಿತ್ರ ನಮಗೆ ಹೊಳೆಯುವುದೇ ಇಲ್ಲ. ಬಸ್ಸಿನಲ್ಲಿ ದೂರ ಹೋದರೆ ಹೆಚ್ಚು ಟಿಕೀಟು, ಲಾರಿಯಲ್ಲಿ ದೂರ ಕಳಿಸಿದರೆ ಹೆಚ್ಚು ಬಾಡಿಗೆ. ಟಪಾಲಿಗೆ ಮಾತ್ರ ಪೇಟೆಯ ಮಧ್ಯದ ಮನೆಯೂ ಒಂದೇ, ಹಳ್ಳ ದಾಟಿ ಹೋಗಬೇಕಾದ ಕೊನೆಯ ಮನೆಯೂ ಒಂದೇ. ಪೇಟೆಯ ಕಾಗದದಲ್ಲಿ ಉಳಿದ ಲಾಭದಿಂದ ಹಳ್ಳಿಯ ಕಾಗದದ ನಷ್ಟ ತುಂಬಬೇಕು. ಲಾಭವಿರುವ ಪೇಟೆಯನ್ನು ಬೇರೆಯವರು ಹಾರಿಸಿಕೊಂಡು ಹೋಗಬಾರದೆಂದೇ ಕಾಗದ ಒಯ್ಯುವ ಹಕ್ಕು ಸರಕಾರಕ್ಕೆ ಮಾತ್ರ ಎಂದು 1898ರ ಅಂಚೆ ಕಾಯ್ದೆ ಹೇಳಿತ್ತು. ಹಕ್ಕು ಮತ್ತು ಹೊಣೆ ಒಂದೇ ನೊಗಕ್ಕೆ ಕಟ್ಟಿದ ಎರಡು ಎತ್ತುಗಳಂತೆ ನಡೆದವು.

ಹೆಂಗಸರ ಮಟ್ಟಿಗೆ ಇದರಿಂದ ಆದದ್ದೇನು? 1879ರ ಜುಲೈ 1ರಂದು ಕಾಲಾಣೆಯ ಕಾರ್ಡು ಬಂತು. ತವರಿನ ಸುದ್ದಿ ತಿಳಿಯಬೇಕಾದರೆ ಅಣ್ಣನೋ ತಮ್ಮನೋ ಬಂಡಿ ಕಟ್ಟಿಕೊಂಡು ಬರಬೇಕಾಗಿದ್ದ ಕಾಲದಲ್ಲಿ ಕಾಲಾಣೆಗೆ ತವರು ಬಾಗಿಲಿಗೆ ಬಂತು. ಓದು ಬಾರದವರಿಗೆ ಟಪಾಲಿನವನೇ ಓದಿ ಹೇಳುತ್ತಿದ್ದ. ಅದಕ್ಕೂ ಮೊದಲು ಕಾರ್ಡೇ ಮಾತಾಡುತ್ತಿತ್ತು. ಮೂಲೆಗೆ ಅರಿಶಿಣ ಹಚ್ಚಿದ್ದರೆ ಮದುವೆಯೋ ಕುಬಸವೋ. ಮೂಲೆ ಹರಿದಿದ್ದರೆ ಓದುವ ಮೊದಲೇ ಮನೆಯಲ್ಲಿ ಅಳು. ಕಾರ್ಡು ಬಯಲಾಗಿರುವುದರಿಂದ ಅತ್ತೆ, ಮಾವ, ಮೈದುನ ಎಲ್ಲರೂ ಓದುವವರೇ. ‘ನಾನು ಆರಾಮ ಇದ್ದೇನೆ’ ಎಂಬ ಒಂದೇ ಸಾಲನ್ನು ತಾಯಿಗೆ ಮಾತ್ರ ಅರ್ಥವಾಗುವ ಹಾಗೆ ಎಷ್ಟು ಬಗೆಯಲ್ಲಿ ಬರೆಯಬಹುದು ಎಂಬ ವಿದ್ಯೆಯನ್ನು ನಮ್ಮ ಅಜ್ಜಿಯಂದಿರು ಯಾವ ಶಾಲೆಯಲ್ಲೂ ಕಲಿಯಲಿಲ್ಲ.

1880ರಲ್ಲಿ ಮನಿಯಾರ್ಡರು ಅಂಚೆ ಕಚೇರಿಯ ಕೆಲಸವಾಯಿತು. 1882ರಲ್ಲಿ ಅಂಚೆ ಉಳಿತಾಯ ಬ್ಯಾಂಕು ಬಂತು. ಇಲ್ಲಿ ನಾನು ಗೆಳತಿಯರಿಗೆ ಒಂದು ಸಂಗತಿಯನ್ನು ವಿಶೇಷವಾಗಿ ಹೇಳಬೇಕು. ಸರಕಾರಿ ಉಳಿತಾಯ ಬ್ಯಾಂಕುಗಳ ಕಾಯ್ದೆ 1873ರದು. ಅದರಲ್ಲಿ ಮದುವೆಯಾದ ಹೆಣ್ಣಿನ ಠೇವಣಿಯ ಬಗ್ಗೆ ಒಂದು ಕಲಮು ಇತ್ತು. ಆಕೆ ಇಟ್ಟ ಹಣವನ್ನು ಆಕೆಯ ಕೈಗೇ ಕೊಡಬಹುದು, ಆಕೆ ಕೊಟ್ಟ ರಸೀದಿಯೇ ಸಾಕು ಎಂಬುದು ಅದರ ತಾತ್ಪರ್ಯ. ಗಂಡನ ಸಹಿ ಬೇಕಿಲ್ಲ! ಮನೆಯ ಬೀಗದ ಕೈ ಅತ್ತೆಯ ಸೊಂಟದಲ್ಲಿ, ಹಣದ ಗಂಟು ಗಂಡನ ಪೆಟ್ಟಿಗೆಯಲ್ಲಿ ಇದ್ದ ಕಾಲದಲ್ಲಿ ಈ ಮಾತು ಎಷ್ಟು ಹೆಂಗಸರ ಕಿವಿಗೆ ಬಿದ್ದಿತೋ ನಾನರಿಯೆ. ಆದರೆ ಕಾಯ್ದೆಯ ಪುಸ್ತಕದಲ್ಲಿ ಅದು ಇತ್ತು. ಇನ್ನೊಂದು ಸಂಗತಿ: 1884ರಲ್ಲಿ ಅಂಚೆ ಜೀವ ವಿಮೆ ಆರಂಭವಾಯಿತು. 1894ರಲ್ಲಿ ಅಂಚೆ ಮತ್ತು ತಂತಿ ಇಲಾಖೆಯ ಮಹಿಳಾ ನೌಕರರಿಗೂ ಅದನ್ನು ವಿಸ್ತರಿಸಿದರು. ಹೆಣ್ಣಿನ ಜೀವಕ್ಕೆ ಬೇರೆ ಯಾವ ವಿಮಾ ಕಂಪನಿಯೂ ಬೆಲೆ ಕಟ್ಟದಿದ್ದ ದಿನಗಳವು.

ಹನಿ ಹನಿ ಕೂಡಿದರೆ ಹಳ್ಳ ಎಂಬ ಗಾದೆಯನ್ನು ನಮ್ಮ ತಾಯಿ ಅಂಚೆಯ ಆರ್.ಡಿ. ಪುಸ್ತಕದಲ್ಲಿ ಮಾಡಿ ತೋರಿಸಿದವಳು. ಹೈನದ ಹಣದಲ್ಲಿ ತಿಂಗಳಿಗೆ ಹತ್ತು ರೂಪಾಯಿ. ಆ ಪುಸ್ತಕದ ಮೇಲೆ ಅವಳ ಹೆಸರಿತ್ತು. ರೇಶನ್ ಕಾರ್ಡಿನಲ್ಲಿ, ಹೊಲದ ಉತಾರದಲ್ಲಿ, ಮನೆಯ ತೆರಿಗೆ ಪಾವತಿಯಲ್ಲಿ ಎಲ್ಲಿಯೂ ಮೊದಲ ಹೆಸರಾಗದ ಅವಳು ಅಲ್ಲಿ ಒಬ್ಬಳೇ ಇದ್ದಳು. ನನ್ನ ಬಿ.ಎಡ್. ಶುಲ್ಕ ಅದರಿಂದಲೇ ಹೋಯಿತು. ಮುಂದೆ ನನ್ನ ನೇಮಕದ ಆದೇಶ ರಿಜಿಸ್ಟರ್ ಟಪಾಲಿನಲ್ಲಿ ಬಂದಾಗ ಮನೆಯಲ್ಲಿದ್ದ ಹಿರಿಯರೊಬ್ಬರು ಸಹಿ ಮಾಡಲು ಕೈ ಚಾಚಿದರು. ಟಪಾಲಿನವರು ನಕ್ಕು, ‘ಅವರ ಹೆಸರಿಗೆ ಬಂದೇತ್ರಿ, ಅವರೇ ಬಂದು ಸಹಿ ಮಾಡ್ಬೇಕು’ ಎಂದರು. ನಾನು ಅಡಿಗೆಮನೆಯಿಂದ ಕೈ ಒರೆಸಿಕೊಂಡು ಬಂದು ಸಹಿ ಮಾಡಿದೆ. 1873ರ ಕಲಮಿನ ವಿಷಯ ಆಗ ನನಗೆ ಗೊತ್ತಿರಲಿಲ್ಲ. ಈಗ ಓದುವಾಗ ಅನಿಸುತ್ತದೆ, ಅದು ಹಣದ ಮಾತು, ಇದು ಕಾಗದದ ಮಾತು, ಆದರೂ ಎರಡರ ಹಿಂದಿನ ನ್ಯಾಯ ಒಂದೇ. ಹೆಸರು ಯಾರದೋ ವಸ್ತು ಅವರದು.

ನಮ್ಮ ಅವಳಿ ನಗರಕ್ಕೆ ಟಪಾಲು ಮಾಡಿದ ಉಪಕಾರ ಇನ್ನೊಂದು ಬಗೆಯದು. ಧಾರವಾಡ ಪುಸ್ತಕಗಳ ಊರು, ಹುಬ್ಬಳ್ಳಿ ಪತ್ರಿಕೆಗಳ ಊರು. ಧಾರವಾಡದಲ್ಲಿ 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. 1922ರಲ್ಲಿ ಆಲೂರ ವೆಂಕಟರಾಯರು ‘ಜಯಕರ್ನಾಟಕ’ ಆರಂಭಿಸಿದರು. 1933ರಲ್ಲಿ ಜಿ.ಬಿ. ಜೋಶಿಯವರು ಮನೋಹರ ಗ್ರಂಥಮಾಲೆ ಕಟ್ಟಿದರು. ಅದೇ ವರ್ಷ ‘ಸಂಯುಕ್ತ ಕರ್ನಾಟಕ’ ಬೆಳಗಾವಿಯಿಂದ ಹುಬ್ಬಳ್ಳಿಗೆ ಬಂತು. ಮುಂದೆ 1954ರಲ್ಲಿ ಪಾಟೀಲ ಪುಟ್ಟಪ್ಪನವರ ‘ಪ್ರಪಂಚ’, 1956ರಲ್ಲಿ ‘ಕಸ್ತೂರಿ’. ಆಗ ಕನ್ನಡಿಗರು ಮುಂಬಯಿ, ಮದ್ರಾಸು, ಮೈಸೂರು, ಹೈದರಾಬಾದು, ಕೊಡಗು ಎಂದು ಹರಿದು ಹಂಚಿಹೋಗಿದ್ದರು. ನಿಜಾಮರ ಸೀಮೆಯಲ್ಲಂತೂ 1950ರವರೆಗೆ ಅವರದೇ ಅಂಚೆ, ಅವರದೇ ಅಂಚೆಚೀಟಿ ಇತ್ತು. ಆದರೂ ಧಾರವಾಡದಲ್ಲಿ ಅಚ್ಚಾದದ್ದು ಈ ಗಡಿಗಳನ್ನೆಲ್ಲ ದಾಟಿ ಹೋಗುತ್ತಿತ್ತು. ಕನ್ನಡ ಸೀಮೆ 1956ರಲ್ಲಿ ಒಂದಾಯಿತು ಎಂದು ಮಕ್ಕಳಿಗೆ ಪಾಠ ಮಾಡುತ್ತೇವೆ. ಟಪಾಲಿನ ಚೀಲದಲ್ಲಿ ಅದು ಮೊದಲೇ ಒಂದಾಗತೊಡಗಿತ್ತು.

ಮನೋಹರ ಗ್ರಂಥಮಾಲೆಯಂಥ ಸಂಸ್ಥೆಗಳು ಚಂದಾದಾರರನ್ನು ನಂಬಿ ನಡೆದವು. 1877ರಿಂದಲೇ ಬಂದಿದ್ದ ವಿ.ಪಿ.ಪಿ. ಪದ್ಧತಿಯಿಂದ ಪುಸ್ತಕ ಕೈಗೆ ಬಂದ ಮೇಲೆ ದುಡ್ಡು ಕೊಡಬಹುದಾಗಿತ್ತು. ಪುಸ್ತಕದ ಅಂಗಡಿಗೆ ಹೋಗಿ ನಿಲ್ಲುವುದು ಹೆಂಗಸಿಗೆ ಸಲ್ಲದೆಂದು ತಿಳಿದ ಊರುಗಳಿಗೆ ಪುಸ್ತಕದ ಅಂಗಡಿಯೇ ನಡೆದು ಬಂದಂತಾಯಿತು. ನಂಜನಗೂಡು ತಿರುಮಲಾಂಬ ಅವರು ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ‘ಸತೀಹಿತೈಷಿಣೀ’ ಗ್ರಂಥಮಾಲೆಯನ್ನೂ ‘ಕರ್ನಾಟಕ ನಂದಿನಿ’ ಪತ್ರಿಕೆಯನ್ನೂ ನಡೆಸಿದರು. ಎಳೆಯ ವಯಸ್ಸಿನಲ್ಲೇ ವಿಧವೆಯಾಗಿ ತಂದೆಯ ಮನೆಯಲ್ಲಿದ್ದ ಒಬ್ಬ ಹೆಣ್ಣುಮಗಳು ನಾಡಿನ ಹೆಂಗಸರೊಡನೆ ಮಾತಾಡಲು ಸಾಧ್ಯವಾದದ್ದು ಆಕೆಯ ಲೇಖನಿಯಿಂದ ಹೌದು, ಊರಿನ ಅಂಚೆಯಿಂದಲೂ ಹೌದು. 1950ರಲ್ಲಿ ಧಾರವಾಡ ಆಕಾಶವಾಣಿ ಬಂದ ಮೇಲೆ ರೇಡಿಯೋ ಕೇಳಿದ ಹೆಂಗಸರು ಕಾರ್ಡು ಬರೆದರು. ತಮ್ಮ ಹೆಸರನ್ನು ರೇಡಿಯೋದಲ್ಲಿ ಕೇಳಿ ಓಣಿಗೆಲ್ಲ ಹೇಳಿಕೊಂಡು ಬಂದರು.

ನಮ್ಮ ವಿದ್ಯಾನಗರದ ಮಾತನ್ನೂ ಹೇಳಬೇಕು. 1947ರಲ್ಲಿ ಬಿ.ವಿ.ಬಿ. ಇಂಜಿನಿಯರಿಂಗ್ ಕಾಲೇಜು, 1957ರಲ್ಲಿ ಕರ್ನಾಟಕ ಮೆಡಿಕಲ್ ಕಾಲೇಜು, ಹೀಗೆ ಕಾಲೇಜುಗಳಿಂದ ಬೆಳೆದ ಬಡಾವಣೆಯಿದು. ತಿಂಗಳ ಮೊದಲ ವಾರದಲ್ಲಿ ಹಾಸ್ಟೆಲಿನ ಹುಡುಗರು ಟಪಾಲಿನವನ ದಾರಿ ಕಾಯುತ್ತಿದ್ದರೆಂದು ಹಳಬರು ಹೇಳುತ್ತಾರೆ. ಮನಿಯಾರ್ಡರು ಬಂದ ದಿನ ಸಿನೇಮಾ, ಬಾರದ ದಿನ ಉಪವಾಸ. ಆದರೆ ವಿದ್ಯಾನಗರಗಳು ಎಷ್ಟು! ದಾವಣಗೆರೆಯಲ್ಲೊಂದು, ಹಾಸನದಲ್ಲೊಂದು, ಶಿವಮೊಗ್ಗದಲ್ಲೊಂದು. ದೇಶದ ತುಂಬ ಇಂಥ ಒಂದೇ ಹೆಸರಿನ ಊರುಗಳ ಗೊಂದಲ ನೋಡಿಯೇ ಶ್ರೀರಾಮ ಭಿಕಾಜಿ ವೇಲಣಕರ ಎಂಬ ಅಧಿಕಾರಿ ಆರಂಕಿಯ ಪಿನ್‌ಕೋಡ್ ರೂಪಿಸಿದರು. ಅವರು ಸಂಸ್ಕೃತದ ವಿದ್ವಾಂಸರೂ ಆಗಿದ್ದರು. 1972ರ ಆಗಸ್ಟ್ 15ರಂದು ಅದು ಜಾರಿಗೆ ಬಂತು. 580 ಎಂದು ಆರಂಭವಾದರೆ ಅದು ನಮ್ಮ ಹುಬ್ಬಳ್ಳಿ–ಧಾರವಾಡ. ಇವತ್ತು ಮೊಬೈಲಿನಲ್ಲಿ ಸೀರೆ ತರಿಸುವ ಕಂಪನಿಗಳೂ ಮೊದಲು ಕೇಳುವುದು ಈ ಆರು ಅಂಕಿಗಳನ್ನೇ. ಅಂಚೆ ಹಾಕಿಕೊಟ್ಟ ದಾರಿಯಲ್ಲಿ ಎಲ್ಲರೂ ನಡೆಯುತ್ತಿದ್ದಾರೆ.

ಎಲ್ಲರೂ ಕೊನೆಯವರೆಗೆ ನಡೆಯುತ್ತಾರೆಯೇ ಎಂಬುದೇ ಪ್ರಶ್ನೆ. ಬಯಲುಸೀಮೆಯ ಹಳ್ಳಿಯೊಂದರಲ್ಲಿರುವ ನನ್ನ ಸಂಬಂಧಿಕಳು ಮಗಳ ಬಾಣಂತನಕ್ಕೆಂದು ಏನೋ ಸಾಮಾನು ತರಿಸಲು ಹೋದಳು. ‘ಈ ಪಿನ್‌ಕೋಡಿಗೆ ಸೇವೆ ಇಲ್ಲ’ ಎಂದು ಮೊಬೈಲು ಹೇಳಿತು. ತಪ್ಪೆಂದು ಹೇಗೆ ಹೇಳುವುದು? ವ್ಯಾಪಾರಿಗೆ ಲಾಭವಿಲ್ಲದ ಕಡೆ ಹೋಗಬೇಕೆಂಬ ಕಟ್ಟಳೆಯಿಲ್ಲ. ಅಂಚೆಗೆ ಮಾತ್ರ ಆ ಕಟ್ಟಳೆಯಿತ್ತು. ಸ್ವಾತಂತ್ರ್ಯ ಬಂದಾಗ ದೇಶದಲ್ಲಿ 23,344 ಅಂಚೆ ಕಚೇರಿಗಳಿದ್ದವು. ಈಗ 1,64,000ಕ್ಕೂ ಹೆಚ್ಚು, ಅವುಗಳಲ್ಲಿ ಹತ್ತರಲ್ಲಿ ಒಂಬತ್ತು ಹಳ್ಳಿಗಳಲ್ಲಿ. ಲಾಭ ನೋಡುವ ಯಾವ ಸಾಹುಕಾರನೂ ಇಷ್ಟು ಅಂಗಡಿಗಳನ್ನು ಇಂಥಲ್ಲಿ ತೆರೆಯಲಾರ.

ಹಾಗೆಂದು ಲೆಕ್ಕ ಸುಳ್ಳಾಗುವುದಿಲ್ಲ. ಕಾಗದ ಕಡಿಮೆಯಾದಂತೆ ಇಲಾಖೆಯ ಕೊರತೆ ವರ್ಷ ವರ್ಷವೂ ಸಾವಿರಾರು ಕೋಟಿ ರೂಪಾಯಿ. 50 ಪೈಸೆಯ ಕಾರ್ಡನ್ನು ಮುಟ್ಟಿಸಲು ಅದರ ಹಲವು ಪಟ್ಟು ಖರ್ಚು. ಅಂಗಡಿಯವರು 50 ಪೈಸೆಯ ನಾಣ್ಯವನ್ನೇ ಮುಟ್ಟುವುದಿಲ್ಲವಾದ್ದರಿಂದ ಈಗ ಕಾರ್ಡು ಕೊಳ್ಳುವವರು ಎರಡೆರಡು ಕೊಳ್ಳಬೇಕು! ಮನೆ ನಡೆಸುವ ನಮಗೆ ಈ ಲೆಕ್ಕ ತಿಳಿಯದ್ದೇನಲ್ಲ. ಕೂತು ಉಂಡರೆ ಕುಡಿಕೆ ಹೊನ್ನು ಸಾಲದು. ಇಲಾಖೆಯೂ ಕೂತಿಲ್ಲ. 1986ರಲ್ಲಿ ಸ್ಪೀಡ್ ಪೋಸ್ಟ್ ತಂದಿತು. 2015ರಲ್ಲಿ ಹೆಣ್ಣುಮಕ್ಕಳಿಗಾಗಿ ಸುಕನ್ಯಾ ಸಮೃದ್ಧಿ ಖಾತೆ ಬಂತು. 2017ರ ಜನವರಿಯಲ್ಲಿ ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಕೆಲಸ ಮಾಡಿಕೊಡುವ ಪ್ರಯೋಗ ನಮ್ಮ ಮೈಸೂರಿನಲ್ಲೇ ಆರಂಭವಾಯಿತು. 2018ರ ಸೆಪ್ಟೆಂಬರ್ 1ರಂದು ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕ್ ಬಂತು.

ಹತ್ತನೆಯ ತರಗತಿಯ ಅಂಕಗಳ ಮೇಲೆ ಗ್ರಾಮೀಣ ಡಾಕ್ ಸೇವಕರನ್ನು ಆರಿಸುವುದರಿಂದ ಹೆಣ್ಣುಮಕ್ಕಳು ಈಗ ಆ ಕೆಲಸಕ್ಕೆ ಬರುತ್ತಿದ್ದಾರೆ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಹಳ್ಳಿಯ ಶಾಖಾ ಅಂಚೆ ಕಚೇರಿ ನೋಡಿಕೊಳ್ಳುತ್ತಾಳೆ. ವಿಧವಾ ವೇತನ, ವೃದ್ಧಾಪ್ಯ ವೇತನ ಮೊದಲು ಮನಿಯಾರ್ಡರಿನಲ್ಲಿ ಮನೆಗೆ ಬರುತ್ತಿದ್ದವು, ಈಗ ಖಾತೆಗೆ ಜಮಾ ಆಗುತ್ತವೆ. ಖಾತೆಗೆ ಬಂದ ಹಣ ಕೈಗೆ ಬರಬೇಕಾದರೆ ತಾಲೂಕು ಊರಿಗೆ ಬಸ್ಸು ಹಿಡಿಯಬೇಕು. ನಡೆಯಲಾರದ ಮುದುಕಿಯರ ಮನೆಗೆ ಈ ಹುಡುಗಿ ಬೆರಳಚ್ಚಿನ ಯಂತ್ರ ಹಿಡಿದು ಹೋಗುತ್ತಾಳೆ. ‘ಟೀಚರ, ದುಡದ ದುಡದ ಬೆರಳಿನ ಗೆರಿ ಸವದು ಯಂತ್ರ ತಗೊಳ್ಳೂದಿಲ್ರಿ. ಒಂದೊಂದು ಬೆರಳೂ ಹಚ್ಚಿ ನೋಡ್ತೇನಿ’ ಎಂದಳು. ಹತ್ತೂ ಬೆರಳು ಹಚ್ಚಿ ನೋಡುವ ಈ ತಾಳ್ಮೆಯನ್ನು ಯಾವ ಜಮಾಖರ್ಚಿನಲ್ಲಿ ಬರೆಯುವುದು? ದಿನಕ್ಕೆ ನಾಲ್ಕೈದು ತಾಸಿನ ಕೆಲಸವೆಂದು ಲೆಕ್ಕ, ಪೂರ್ಣ ಸರಕಾರಿ ನೌಕರಳಲ್ಲ. ಅಂಚೆಯ ಭವಿಷ್ಯ ಎಂದರೆ ಇಂಥ ಹುಡುಗಿಯರ ಭವಿಷ್ಯವೂ ಹೌದು.

ಇನ್ನು ಕಾಯ್ದೆಯ ಮಾತು. 1898ರ ಕಾಯ್ದೆಯ ಬದಲಿಗೆ 2023ರ ಅಂಚೆ ಕಚೇರಿ ಕಾಯ್ದೆ ಬಂದು 2024ರ ಜೂನ್ 18ರಿಂದ ಜಾರಿಯಾಯಿತು. ಅಂಚೆಚೀಟಿ ಹೊರಡಿಸುವ ಹಕ್ಕು ಇಲಾಖೆಗೇ ಉಳಿದಿದೆ. ಕಾಗದ ಒಯ್ಯುವ ಏಕಸ್ವಾಮ್ಯ ಹೋಗಿದೆ. ಕೊರಿಯರುಗಳು ಬಂದು ಎಷ್ಟೋ ಕಾಲವಾದ್ದರಿಂದ ಅದು ಹೆಸರಿಗಷ್ಟೇ ಇತ್ತು ಎನ್ನಬಹುದು. ಆದರೆ ನೊಗದ ಒಂದು ಎತ್ತನ್ನು ಬಿಚ್ಚಿದ ಮೇಲೆ ಇನ್ನೊಂದರ ಗತಿ ಏನು ಎಂದು ಕೇಳಬೇಕಲ್ಲವೇ? ಯಾವ ಸೇವೆ, ಎಷ್ಟು ದರ ಎಂಬುದನ್ನು ಹೊಸ ಕಾಯ್ದೆ ಹೆಚ್ಚಾಗಿ ನಿಯಮಗಳಿಗೆ, ಮಹಾನಿರ್ದೇಶಕರ ಅಧಿಕಾರಕ್ಕೆ ಬಿಟ್ಟಿದೆ. ನಿಯಮ ಬದಲಾಗುವುದು ಎಷ್ಟು ಸುಲಭವೆಂದು ಪುಸ್ತಕದವರು ಕಂಡರು. 2024ರ ಡಿಸೆಂಬರಿನಲ್ಲಿ ಅಗ್ಗದ ರಿಜಿಸ್ಟರ್ಡ್ ಬುಕ್ ಪೋಸ್ಟ್ ನಿಂತಾಗ ಸಣ್ಣ ಪ್ರಕಾಶಕರು ದಿಕ್ಕೆಟ್ಟರು. 2025ರ ಮೇ 1ರಂದು ‘ಜ್ಞಾನ ಪೋಸ್ಟ್’ ಬಂತು, 300 ಗ್ರಾಮಿಗೆ 20 ರೂಪಾಯಿಯಿಂದ 5 ಕಿಲೋಗೆ 100 ರೂಪಾಯಿಯವರೆಗೆ. ಬಂದದ್ದು ಒಳ್ಳೆಯದೇ. ನಡುವಿನ ನಾಲ್ಕೂವರೆ ತಿಂಗಳು ಬೇರೆ ದಾರಿ ಹುಡುಕಿಕೊಳ್ಳಬೇಕಾಗಿತ್ತು. ಹಾಗೆಯೇ ಹೆಸರಿನವರ ಕೈಗೇ ಕೊಡುವ ರಿಜಿಸ್ಟರ್ ಪದ್ಧತಿ ಈಗ ಸ್ಪೀಡ್ ಪೋಸ್ಟಿನ ಮೇಲೆ ಐದು ರೂಪಾಯಿ ಮತ್ತು ತೆರಿಗೆ ಕೊಟ್ಟು ಕೊಳ್ಳುವ ಸೌಲಭ್ಯವಾಗಿದೆ. ಹೆಣ್ಣುಮಗಳೊಬ್ಬಳಿಗೆ ಕೋರ್ಟಿನ ನೋಟೀಸೋ ಕೆಲಸದ ಆದೇಶವೋ ಬಂದಾಗ ಅದು ಅವಳ ಕೈಗೆ ಬೀಳುವುದಕ್ಕೂ ಮನೆಯವರ ಕೈಗೆ ಬೀಳುವುದಕ್ಕೂ ಇರುವ ಅಂತರ ನಮಗೆ ಗೊತ್ತು.

ಡೆನ್ಮಾರ್ಕ್ ದೇಶದ ಕಥೆ ಕೇಳಿ. 1624ರಿಂದ ಅಲ್ಲಿ ಸರಕಾರಿ ಅಂಚೆ ಇತ್ತು. 2000ದ ನಂತರ ಕಾಗದಗಳು ಶೇಕಡಾ 90ಕ್ಕಿಂತ ಹೆಚ್ಚು ಇಳಿದವು. 2024ರಲ್ಲಿ ಹೊಸ ಕಾಯ್ದೆ ಬಂದು, ಎಲ್ಲರಿಗೂ ಕಾಗದ ಮುಟ್ಟಿಸಲೇಬೇಕೆಂಬ ಹೊಣೆಯನ್ನು ತೆಗೆದುಹಾಕಿತು. 2025ರ ಡಿಸೆಂಬರ್ 30ರಂದು ಅಂಚೆಯವರು ಕೊನೆಯ ಕಾಗದ ಹಂಚಿ ಕೈ ತೊಳೆದುಕೊಂಡರು. ಕಾಗದದ ಕೆಲಸ ಈಗ ಖಾಸಗಿಯವರದು. ಕೆಂಪು ಪೆಟ್ಟಿಗೆಗಳನ್ನು ಬೀದಿಯಿಂದ ಕಿತ್ತರು. ಇಲ್ಲಿ ಗಮನಿಸಬೇಕಾದದ್ದು ಸಂಗತಿಗಳು ನಡೆದ ಕ್ರಮ. ಮೊದಲು ಹೋದದ್ದು ಕಾಯ್ದೆಯೊಳಗಿನ ಹೊಣೆ, ಅದರ ಹಿಂದೆ ಎರಡು ವರ್ಷದೊಳಗೆ ಕಾಗದ. ಮನೆ ಮನೆಗೂ ಇಂಟರ್‌ನೆಟ್ ಇರುವ, ಸರಕಾರದ ಪತ್ರಗಳೆಲ್ಲ ಅದರಲ್ಲೇ ಬರುವ ಪುಟ್ಟ ದೇಶ ಅದು. ಬೆರಳಿನ ಗೆರೆ ಸವೆದ ಮುದುಕಿಯರ ದೇಶ ನಮ್ಮದು. ಅವರಿಗೆ ಒಪ್ಪಿದ್ದು ನಮಗೆ ಒಪ್ಪಬೇಕೆಂದಿಲ್ಲ.

ಆದ್ದರಿಂದ ಕಾರ್ಡು ಉಳಿಯಲಿ ಎಂದು ನಾನು ಹಟ ಹಿಡಿಯುವುದಿಲ್ಲ. ಕಾಗದ ಹೋಗಬಹುದು, ನಾಳೆ ಇನ್ನೇನೋ ಬರಬಹುದು. ಆದರೆ 1854ರ ಆ ನಿಯಮ, ಅಂದರೆ ಪೇಟೆಯ ಮನೆಗೂ ಕೊನೆಯ ಮನೆಗೂ ಒಂದೇ ದರ, ಹೆಸರು ಯಾರದೋ ಅವರ ಕೈಗೆ, ಇದು ಯಾವ ಚೀಲದಲ್ಲಾದರೂ ಉಳಿಯಬೇಕು. ಹಣ, ಔಷಧ, ಪುಸ್ತಕ, ಆದೇಶ, ಏನೇ ಒಯ್ಯಲಿ, ಎಲ್ಲ ಬಾಗಿಲಿಗೂ ಹೋಗಲೇಬೇಕೆಂಬ ಹೊಣೆಯನ್ನು ಕಾಯ್ದೆಯಲ್ಲಿಯೇ ಸ್ಪಷ್ಟವಾಗಿ ಬರೆಯಬೇಕು. ಅದರ ಖರ್ಚನ್ನು ಶಾಲೆ, ಆಸ್ಪತ್ರೆ, ರಸ್ತೆಯ ಖರ್ಚಿನಂತೆ ಬಜೆಟ್ಟಿನಲ್ಲಿ ನೇರವಾಗಿ ತೋರಿಸಬೇಕು. ಹಳ್ಳಿಯ ಶಾಲೆಯಲ್ಲಿ ಎಷ್ಟು ಲಾಭ ಬಂತು ಎಂದು ಯಾರೂ ಕೇಳುವುದಿಲ್ಲ. ಅಂಚೆಯನ್ನು ಮಾತ್ರ ಏಕೆ ಕೇಳಬೇಕು?

ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ಪತ್ರಲೇಖನದ ಪ್ರಶ್ನೆ ಇಂದಿಗೂ ಇದೆ. ‘ಇಂದ’, ‘ಗೆ’, ವಿಷಯ, ಒಕ್ಕಣೆ, ಎಲ್ಲಕ್ಕೂ ಅಂಕಗಳಿವೆ. ಜೀವಮಾನದಲ್ಲಿ ಒಂದು ಕಾರ್ಡನ್ನೂ ಪೆಟ್ಟಿಗೆಗೆ ಹಾಕದ ಮಕ್ಕಳು ಪೂರ್ಣ ಅಂಕ ಪಡೆಯುತ್ತಾರೆ. ಪ್ರವಾಸಕ್ಕೆ ಹಣ ಕೇಳಿ ತಂದೆಗೆ ಪತ್ರ ಬರೆಯಿರಿ ಎಂಬ ಹಳೆಯ ಪ್ರಶ್ನೆಯನ್ನು ನಾನು ಅಭ್ಯಾಸಕ್ಕೆ ಕೊಡುವುದನ್ನು ಈಗ ಬಿಟ್ಟಿದ್ದೇನೆ. ನಿಮ್ಮ ಅಜ್ಜಿಯ ಊರಿನ ಅಂಚೆ ಕಚೇರಿಯನ್ನು ಮುಚ್ಚಬಾರದೇಕೆ ಎಂದು ಲೋಕಸಭಾ ಸದಸ್ಯರಿಗೆ ಬರೆಯಿರಿ ಎನ್ನುತ್ತೇನೆ. ಮಕ್ಕಳು ಅಜ್ಜಿಯನ್ನು ಕೇಳಿಕೊಂಡು ಬಂದು ಚೆನ್ನಾಗಿಯೇ ಬರೆಯುತ್ತಾರೆ. ದೊಡ್ಡವರಾದ ನಾವೂ ಬರೆಯಬಹುದು. 50 ಪೈಸೆಯ ಕಾರ್ಡು ಇನ್ನೂ ಸಿಗುತ್ತದೆ, ಎರಡು ತಂದರೆ ಒಂದು ನೆರೆಮನೆಯವರಿಗಾಯಿತು.